ಕರೆದರೆ ಬಾರದ ನಿದ್ರೆ

ಚಿಕಿತ್ಸೆಗಾಗಿ ನನ್ನ ಬಳಿಗೆ ಬರುವ ಹಿರಿಯರು ಮೊದಲು ಮಂಡಿನೋವಿನ ವಿಚಾರ ಹೇಳುತ್ತಾರೆ, ಆಮೇಲೆ ಸಕ್ಕರೆ ಕಾಯಿಲೆಯ ವಿಚಾರ. ನಿದ್ರೆಯ ಮಾತು ಬರುವುದು ಅವರು ಎದ್ದು ಬಾಗಿಲವರೆಗೆ ಹೋದ ಮೇಲೆ. "ಹಾಗೇ ಒಂದು ನಿದ್ದೆ ಮಾತ್ರೆ ಬರೆದುಬಿಡಿ ಡಾಕ್ಟ್ರೇ" ಎಂದು ಹಗುರವಾಗಿ ಕೇಳುತ್ತಾರೆ. ಕೇಳುವ ಧಾಟಿ ಹಗುರವಾಗಿದ್ದರೂ ಅದರ ಹಿಂದೆ ಎಷ್ಟೋ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ರಾತ್ರಿಗಳಿರುತ್ತವೆ.

ಕೆಲವು ವರ್ಷಗಳ ಹಿಂದೆ ಹೀಗೆಯೇ ಕೇಳಿದವರು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು. ಆಗ ಅವರಿಗೆ ೬೭ ವರ್ಷ. ಧರ್ಮಪತ್ನಿ ಲಿಂಗೈಕ್ಯರಾಗಿ ಎರಡು ವರ್ಷ ಕಳೆದಿತ್ತು. ನಾನು ಅವರನ್ನು ಮತ್ತೆ ಕೂರಿಸಿ, ರಾತ್ರಿ ಏನಾಗುತ್ತದೆ ಎಂಬುದನ್ನು ಮೊದಲಿನಿಂದ ಹೇಳುವಂತೆ ಕೇಳಿಕೊಂಡೆ. ಒಂಬತ್ತಕ್ಕೆ ಹಾಸಿಗೆ ಸೇರುತ್ತಾರೆ. ಹನ್ನೊಂದಾದರೂ ಕಣ್ಣು ಹತ್ತುವುದಿಲ್ಲ. ಹೇಗೋ ನಿದ್ರೆ ಬಂದರೆ ಎರಡು ಗಂಟೆಗೆ ಎಚ್ಚರ. ಆ ಬಳಿಕ ಗೋಡೆಯ ಗಡಿಯಾರ ನೋಡುತ್ತ ಹೊರಳಾಟ. ಬೆಳಗಿನ ಜಾವ ಒಂದಿಷ್ಟು ಜೊಂಪು ಹತ್ತುತ್ತದೆ, ಆರಕ್ಕೆ ಏಳುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಒಂದು ಗಂಟೆ ನಿದ್ರೆ. ಅರ್ಧ ಮಾತ್ರೆಯಿಂದ ಆರಂಭವಾದದ್ದು ಆಗಲೇ ಒಂದೂವರೆಗೆ ಏರಿತ್ತು. ಹಿಂದಿನ ತಿಂಗಳು ರಾತ್ರಿ ಬಚ್ಚಲಿಗೆ ಹೋಗುವಾಗ ಮಾತ್ರೆಯ ಮಂಪರಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಉಳುಕಿತ್ತು.

"ಅವಳು ಹೋದ ದಿನದಿಂದ ನಿದ್ದೆಯೂ ಹೋಯಿತು" ಎಂದರು. ಆ ಮಾತು ನಿಜ. ಆದರೆ ಅರ್ಧ ನಿಜ. ಉಳಿದ ಅರ್ಧವನ್ನು ಮನೋವಿಜ್ಞಾನಿಗಳು ಕಳೆದ ಐವತ್ತು ವರ್ಷಗಳಲ್ಲಿ ಬಿಡಿಸಿ ತೋರಿಸಿದ್ದಾರೆ. ಈ ಲೇಖನದ ವಿಷಯ ಅದು.

ಬೀಜ ಒಂದು, ನೀರೆರೆಯುವುದು ಇನ್ನೊಂದು

ಒಂದೆರಡು ರಾತ್ರಿ ನಿದ್ರೆ ಕೆಡುವುದು ರೋಗವಲ್ಲ. ಮಗಳ ಮದುವೆ, ನ್ಯಾಯಾಲಯದ ವ್ಯಾಜ್ಯ, ಆಪ್ತರ ಅಗಲಿಕೆ ಇಂತಹ ಸಂದರ್ಭಗಳಲ್ಲಿ ಯಾರಿಗಾದರೂ ಅದು ಸಹಜ. ವಾರದಲ್ಲಿ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳು ಇದು ಮುಂದುವರಿದು, ಹಗಲಿನ ಕೆಲಸಕ್ಕೂ ತೊಡಕಾದಾಗ ವೈದ್ಯರು ಅದನ್ನು ದೀರ್ಘಕಾಲಿಕ ನಿದ್ರಾಹೀನತೆ ಎನ್ನುತ್ತಾರೆ. ಹಾಗಾದರೆ ಹಲವರಲ್ಲಿ ತಾನಾಗಿ ಸರಿಹೋಗುವುದು ಕೆಲವರಲ್ಲಿ ಮಾತ್ರ ಬೇರೂರುವುದೇಕೆ?

ನ್ಯೂಯಾರ್ಕಿನ ಮನೋವಿಜ್ಞಾನಿ ಆರ್ಥರ್ ಸ್ಪೀಲ್ಮನ್ ಅವರು ೧೯೮೭ರಲ್ಲಿ ಪ್ರಕಟಿಸಿದ ವಿವರಣೆಯನ್ನು ಇಂದಿಗೂ ಚಿಕಿತ್ಸಕರು ಆಧಾರವಾಗಿ ಬಳಸುತ್ತಾರೆ. ಕಾರಣಗಳು ಮೂರು ಬಗೆ ಎಂದರು ಅವರು. ನಮ್ಮ ವಾಚಕರಲ್ಲಿ ಬೇಸಾಯ ಬಲ್ಲವರೇ ಹೆಚ್ಚಾದುದರಿಂದ ಹೊಲದ ಮಾತಿನಲ್ಲಿಯೇ ಹೇಳುವೆ. ಮೊದಲನೆಯದು ನೆಲದ ಗುಣ: ಸ್ವಭಾವತಃ ಬೇಗ ಕಳವಳಗೊಳ್ಳುವವರು, ನಿದ್ರೆ ತೆಳುವಾಗಿರುವವರು, ವಯಸ್ಸಾದವರು. ಎರಡನೆಯದು ಬಿದ್ದ ಬೀಜ: ಸಾವು, ಸಾಲ, ಕಾಯಿಲೆ, ವರ್ಗಾವಣೆ. ಮೂರನೆಯದು ನೀರು. ನಿದ್ರೆ ಕೆಟ್ಟವರು ಅದನ್ನು ಸರಿಪಡಿಸಿಕೊಳ್ಳಲೆಂದು ಮಾಡುವ ಕೆಲಸಗಳೇ ಆ ನೀರು. ಬೇಗ ಮಲಗುವುದು, ತಡವಾಗಿ ಏಳುವುದು, ಹಗಲಿನಲ್ಲಿ ನಿದ್ರಿಸುವುದು, ಎಚ್ಚರವಿದ್ದರೂ ಹಾಸಿಗೆ ಬಿಡದಿರುವುದು. ಕಾಲ ಕಳೆದಂತೆ ಬೀಜದ ಹೊಟ್ಟು ಮಣ್ಣಾಗುತ್ತದೆ. ದುಃಖದ ತೀವ್ರತೆ ಇಳಿಯುತ್ತದೆ, ವ್ಯಾಜ್ಯ ಮುಗಿಯುತ್ತದೆ. ಗಿಡ ಮಾತ್ರ ನೀರಿನ ಬಲದಿಂದ ನಿಂತಿರುತ್ತದೆ.

ಮೇಷ್ಟ್ರ ವಿಚಾರದಲ್ಲಿ ಈ ನೀರು ಯಾವುದೆಂದು ತಿಳಿಯಲು ಒಂದು ಪ್ರಶ್ನೆ ಸಾಕಾಯಿತು. ಮೊದಲು ಎಷ್ಟು ಹೊತ್ತಿಗೆ ಮಲಗುತ್ತಿದ್ದಿರಿ ಎಂದು ಕೇಳಿದೆ. ಹತ್ತೂವರೆಗೆ ಮಲಗಿ ಐದಕ್ಕೆ ಏಳುತ್ತಿದ್ದರಂತೆ. ಈಗ ಒಂಬತ್ತಕ್ಕೇಕೆ? "ಬೇಗ ಮಲಗಿದರೆ ಸ್ವಲ್ಪವಾದರೂ ನಿದ್ದೆ ಸಿಕ್ಕೀತೆಂದು." ಸ್ವಲ್ಪ ತಡೆದು ಮತ್ತೊಂದು ಕಾರಣವನ್ನೂ ಹೇಳಿದರು. ಒಂಬತ್ತರಿಂದ ಹತ್ತೂವರೆಯವರೆಗೆ ಗಂಡಹೆಂಡತಿ ಪಡಸಾಲೆಯಲ್ಲಿ ಕುಳಿತು ಮಾತಾಡುತ್ತಿದ್ದರು. ಆಕೆ ಮರುದಿನದ ಅಡಿಗೆಗೆ ಅಕ್ಕಿ ಆರಿಸುತ್ತಿದ್ದರು, ಇವರು ಪತ್ರಿಕೆ ಓದಿ ಹೇಳುತ್ತಿದ್ದರು. ಆಕೆ ಇಲ್ಲವಾದ ಮೇಲೆ ಆ ಒಂದೂವರೆ ಗಂಟೆಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಸಿಗೆಗೆ ಹೋಗತೊಡಗಿದ್ದರು.

ಆರೂವರೆ ಗಂಟೆಯ ನಿದ್ರೆ ಇದ್ದವರು ಒಂಬತ್ತು ಗಂಟೆ ಹಾಸಿಗೆಯಲ್ಲಿರತೊಡಗಿದರೆ ಉಳಿದ ಹೊತ್ತು ಎಲ್ಲಿ ಹೋಗಬೇಕು? ಅದು ಎಚ್ಚರವಾಗಿಯೇ ಕಳೆಯಬೇಕು. ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ ೧೯೮೨ರಲ್ಲಿ ವಿವರಿಸಿದಂತೆ, ನಿದ್ರೆಯನ್ನು ನಡೆಸುವ ಶಕ್ತಿಗಳು ಎರಡು. ಒಂದು, ನಾವು ಎದ್ದಿರುವ ಪ್ರತಿ ಗಂಟೆಗೂ ಏರುತ್ತ ಹೋಗುವ ನಿದ್ರೆಯ ಒತ್ತಡ. ಇನ್ನೊಂದು, ಹಗಲಿರುಳುಗಳಿಗೆ ಹೊಂದಿಕೊಂಡ ದೇಹದ ಒಳಗಡಿಯಾರ. ಮೊದಲನೆಯದು ಹಸಿವಿನಂತೆ. ನಡುವೆ ಚಕ್ಕುಲಿ, ಕೋಡುಬಳೆ ತಿಂದವನಿಗೆ ಊಟದ ಹೊತ್ತಿಗೆ ಹಸಿವಿರುವುದಿಲ್ಲ. ಆರಾಮಕುರ್ಚಿಯ ಒಂದು ಗಂಟೆಯ ನಿದ್ರೆ ಅಂಥ ಚಕ್ಕುಲಿ. ಎದ್ದಿರುವಾಗ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತ ಹೋಗಿ ಈ ಒತ್ತಡವನ್ನು ಬೆಳೆಸುತ್ತದೆ. ಕಾಫಿ, ಚಹಗಳಲ್ಲಿರುವ ಕೆಫೀನು ಆ ಅಡೆನೊಸಿನ್ ಕೆಲಸ ಮಾಡದಂತೆ ತಡೆಯುತ್ತದೆ. ಸಂಜೆಯ ಕಾಫಿ ಬೇಡವೆನ್ನುವುದು ಈ ಕಾರಣದಿಂದ. ಅದು ಎಲ್ಲರಿಗೂ ತಿಳಿದ ಮಾತಾದ್ದರಿಂದ ಬೆಳೆಸುವುದಿಲ್ಲ.

ಪ್ರಯತ್ನವೇ ಅಡ್ಡಿ

ಲೋಕದಲ್ಲಿ ಬಹುಪಾಲು ಕಾರ್ಯಗಳು ಪ್ರಯತ್ನದಿಂದ ಕೈಗೂಡುತ್ತವೆ. ನಿದ್ರೆ ಹಾಗಲ್ಲ. ಇದನ್ನು ಮನೋವಿಜ್ಞಾನಿಗಳು ಊಹೆಗೆ ಬಿಡದೆ ಪ್ರಯೋಗಗಳಿಂದ ಪರೀಕ್ಷಿಸಿದ್ದಾರೆ. ೧೯೯೬ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕೆಯ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವರಿಗೆ ಆದಷ್ಟು ಬೇಗ ನಿದ್ರಿಸಬೇಕೆಂದೂ, ಕೆಲವರಿಗೆ ನಿದ್ರೆ ಬಂದಾಗ ಬರಲಿ ಎಂದೂ ಸೂಚಿಸಿದರು. ಮಲಗುವಾಗ ಕೆಲವರಿಗೆ ಮೃದುವಾದ ಸಂಗೀತವನ್ನು, ಕೆಲವರಿಗೆ ಸೇನೆಯ ಕವಾಯತಿನ ಅಬ್ಬರದ ವಾದ್ಯಸಂಗೀತವನ್ನು ಕೇಳಿಸಲಾಯಿತು. ಅಬ್ಬರದ ನಡುವೆ ಬೇಗ ನಿದ್ರಿಸಲು ಯತ್ನಿಸಿದವರಿಗೆ, ಯತ್ನಿಸದೆ ಮಲಗಿದವರಿಗಿಂತ ತಡವಾಗಿ ನಿದ್ರೆ ಬಂದಿತು. ವೆಗ್ನರ್ ಇದಕ್ಕೆ ಕೊಡುವ ವಿವರಣೆ ಸ್ವಾರಸ್ಯವಾಗಿದೆ. ಮನಸ್ಸಿಗೆ ಒಂದು ಕೆಲಸ ಒಪ್ಪಿಸಿದರೆ, ಆ ಕೆಲಸವಾಯಿತೋ ಇಲ್ಲವೋ ಎಂದು ನೋಡಲು ಮನಸ್ಸು ಒಳಗೊಬ್ಬ ಕಾವಲುಗಾರನನ್ನು ಎಬ್ಬಿಸಿ ಕೂರಿಸುತ್ತದೆ. ಬೇರೆ ಕೆಲಸಗಳಲ್ಲಿ ಅವನಿಂದ ಉಪಕಾರವಾಗುತ್ತದೆ. ನಿದ್ರೆಯ ವಿಚಾರದಲ್ಲಿ "ಬಂತೇ? ಇನ್ನೂ ಬಂದಿಲ್ಲವೇ?" ಎಂದು ಕೇಳುತ್ತಿರುವ ಆ ಕಾವಲುಗಾರನೇ ನಮ್ಮನ್ನು ಎಚ್ಚರವಾಗಿರಿಸುತ್ತಾನೆ. ಮೇಷ್ಟ್ರ ಗೋಡೆಗಡಿಯಾರ ಅವನ ಕೈಗೆ ಕೊಟ್ಟ ಕೋಲು.

ಇನ್ನೊಂದು ಹಳೆಯ ಪ್ರಯೋಗವನ್ನು ಪುಸ್ತಕಗಳು ಬಹಳವಾಗಿ ಉದ್ಧರಿಸುತ್ತವೆ. ೧೯೭೦ರಲ್ಲಿ ಮೈಕೆಲ್ ಸ್ಟಾರ್ಮ್ಸ್ ಮತ್ತು ರಿಚರ್ಡ್ ನಿಸ್ಬೆಟ್ ಅವರು ನಿದ್ರೆ ಬಾರದ ವಿದ್ಯಾರ್ಥಿಗಳಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಟ್ಟರು. ಇದರಿಂದ ಎದೆಬಡಿತ ಹೆಚ್ಚುತ್ತದೆ, ಮೈ ಬಿಸಿಯಾಗುತ್ತದೆ ಎಂದು ಕೆಲವರಿಗೂ, ಇದರಿಂದ ಮೈಮನ ಶಾಂತವಾಗುತ್ತದೆ ಎಂದು ಕೆಲವರಿಗೂ ಹೇಳಿದರು. ಎದೆಬಡಿತ ಹೆಚ್ಚುವುದೆಂದು ನಂಬಿದವರು ಎಂದಿಗಿಂತ ಬೇಗ ನಿದ್ರೆಹೋದರು. ಶಾಂತಿ ದೊರೆಯುವುದೆಂದು ನಂಬಿದವರು ಎಂದಿಗಿಂತ ತಡವಾಗಿ ನಿದ್ರೆಹೋದರು. ಮೊದಲಿನವರು ತಮ್ಮ ತಳಮಳವನ್ನು ಮಾತ್ರೆಯ ಲೆಕ್ಕಕ್ಕೆ ಹಾಕಿ ನಿಶ್ಚಿಂತರಾದರು, ಎರಡನೆಯವರು "ಮಾತ್ರೆ ನುಂಗಿಯೂ ಹೀಗಾದರೆ ನನ್ನ ಸ್ಥಿತಿ ಎಷ್ಟು ಕೆಟ್ಟಿರಬೇಕು" ಎಂದು ಕಂಗೆಟ್ಟರು ಎಂಬುದು ಅವರ ಅರ್ಥೈಸುವಿಕೆ. ಆದರೆ ಮುಂದೆ ಬೇರೆ ಸಂಶೋಧಕರು ಇದನ್ನೇ ಮತ್ತೆ ಮಾಡಿ ನೋಡಿದಾಗ ಅದೇ ಫಲ ದೊರೆಯಲಿಲ್ಲ ಎಂಬುದನ್ನು ಆ ಪುಸ್ತಕಗಳಲ್ಲಿ ಕೆಲವು ಹೇಳುವುದಿಲ್ಲ. ಆದುದರಿಂದ ಇದರ ಮೇಲೆ ಹೆಚ್ಚು ಭಾರ ಹಾಕುವುದು ಬೇಡ.

ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಇದೇ ದಾರಿಯಲ್ಲಿ ಯೋಚಿಸಿ, ನಿದ್ರೆ ಬಾರದವರಿಗೆ ನಿದ್ರಿಸಲು ಯತ್ನಿಸಬೇಡಿ, ಎಚ್ಚರವಾಗಿರಲು ಯತ್ನಿಸಿ ಎಂದು ಹೇಳುತ್ತಿದ್ದರು. ಕೇಳಲು ವಿನೋದವೆನಿಸಿದರೂ, ಕಾವಲುಗಾರನನ್ನು ಬೇರೆ ಕಡೆಗೆ ಕಳಿಸುವ ಉಪಾಯವಿದು. ದೀಪವಾರಿಸಿ, ಹಾಯಾಗಿ ಮಲಗಿ, ಕಣ್ಣು ತೆರೆದುಕೊಂಡೇ "ಇನ್ನು ಸ್ವಲ್ಪ ಹೊತ್ತು ಎಚ್ಚರವಿರುತ್ತೇನೆ" ಎಂದುಕೊಳ್ಳುವುದು ಅಷ್ಟೆ.

ಇಲ್ಲಿ ಭಕ್ತಾದಿಗಳಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಮಲಗುವ ಮುನ್ನ ಜಪ, ಧ್ಯಾನ ಮಾಡುವವರು ಅನೇಕರಿದ್ದಾರೆ. ಒಳ್ಳೆಯದು. ಆದರೆ ಅದನ್ನು ನಿದ್ರೆಯ ಮಾತ್ರೆಯಂತೆ ಬಳಸಿ, "ಸಾವಿರ ಸಲ ಜಪಿಸಿದೆ, ಇನ್ನೂ ನಿದ್ರೆ ಬರಲಿಲ್ಲ" ಎಂದು ಎಣಿಸುತ್ತ ಕುಳಿತರೆ ಅದೂ ಒಂದು ಪ್ರಯತ್ನವೇ ಆಗುತ್ತದೆ. ಜಪವನ್ನು ಜಪಕ್ಕಾಗಿ ಮಾಡುವವರಿಗೆ ಈ ತೊಂದರೆಯಿಲ್ಲ.

ಹಾಸಿಗೆಯ ಪಾಠ

"ಕುರ್ಚಿಯಲ್ಲಿ ಕೂತರೆ ತೂಕಡಿಕೆ, ಹಾಸಿಗೆಗೆ ಬಂದರೆ ನಿದ್ದೆ ಹಾರಿಹೋಗುತ್ತದೆ" ಎಂಬ ದೂರನ್ನು ಕೇಳದ ವೈದ್ಯರಿರಲಾರರು. ಪಾವ್ಲೋವರ ನಾಯಿಯ ಕಥೆಯನ್ನು ಶಾಲೆಯಲ್ಲಿ ಓದಿದವರಿಗೆ ಇದರ ಕಾರಣ ಹೊಳೆಯಬಹುದು. ಊಟದೊಡನೆ ಗಂಟೆಯ ಸದ್ದು ಕೇಳಿ ಕೇಳಿ, ಕೊನೆಗೆ ಗಂಟೆಯ ಸದ್ದಿಗೇ ನಾಯಿಯ ಬಾಯಲ್ಲಿ ಜೊಲ್ಲು ಬಂದಂತೆ, ಹಾಸಿಗೆಯಲ್ಲಿ ಚಿಂತಿಸಿ ಚಿಂತಿಸಿ ಕೊನೆಗೆ ಹಾಸಿಗೆಯೇ ಚಿಂತೆಯನ್ನು ಎಬ್ಬಿಸುವ ಗಂಟೆಯಾಗುತ್ತದೆ. ಅಮೆರಿಕೆಯ ರಿಚರ್ಡ್ ಬೂಟ್ಜಿನ್ ೧೯೭೨ರಲ್ಲಿ ಈ ಪಾಠವನ್ನು ಅಳಿಸಿ ಹೊಸದನ್ನು ಕಲಿಸುವ ಕ್ರಮವೊಂದನ್ನು ಪ್ರಕಟಿಸಿದರು. ನಿಜವಾಗಿ ನಿದ್ರೆ ತೂಗಿದಾಗ ಮಾತ್ರ ಮಲಗಬೇಕು. ಸುಮಾರು ಕಾಲು ಗಂಟೆ, ಇಪ್ಪತ್ತು ನಿಮಿಷ ಕಳೆದರೂ ನಿದ್ರೆ ಬಾರದೆ ಹೋದರೆ ಎದ್ದು ಬೇರೆ ಕೋಣೆಗೆ ಹೋಗಬೇಕು (ಗಡಿಯಾರ ನೋಡಬಾರದು, ಅಂದಾಜು ಸಾಕು). ಅಲ್ಲಿ ಮಂದ ಬೆಳಕಿನಲ್ಲಿ ಶಾಂತವಾದ ಕೆಲಸವೊಂದನ್ನು ಮಾಡುತ್ತ, ಮತ್ತೆ ನಿದ್ರೆ ತೂಗಿದಾಗಲೇ ಮರಳಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ನಿಗದಿತ ಹೊತ್ತಿಗೆ ಏಳಬೇಕು. ಹಗಲಿನಲ್ಲಿ ನಿದ್ರಿಸಬಾರದು. ಹಾಸಿಗೆಯಲ್ಲಿ ಓದು, ಊಟ, ಲೆಕ್ಕಪತ್ರ, ಮೊಬೈಲು ಯಾವುದೂ ಕೂಡದು.

ಇದರಲ್ಲಿ ಜನರಿಗೆ ಕಷ್ಟವೆನಿಸುವುದು ಮಧ್ಯರಾತ್ರಿ ಏಳುವುದು. ಸುಮ್ಮನೆ ಮಲಗಿದ್ದರೆ ದೇಹಕ್ಕೆ ವಿಶ್ರಾಂತಿಯಾದರೂ ಆಗುತ್ತದಲ್ಲ ಎಂದು ವಾದಿಸುತ್ತಾರೆ. ಒಂದು ರಾತ್ರಿಯ ಮಟ್ಟಿಗೆ ಆ ಮಾತು ನಿಜವಿರಬಹುದು. ನೂರು ರಾತ್ರಿಗಳ ಲೆಕ್ಕದಲ್ಲಿ ಹಾಸಿಗೆ ಕಲಿಯುವ ಪಾಠವೇ ಬೇರೆ.

ಸ್ಪೀಲ್ಮನ್ ಇದರೊಡನೆ ಇನ್ನೊಂದು ಕ್ರಮವನ್ನು ಸೇರಿಸಿದರು. ಎರಡು ವಾರ ದಿನಚರಿ ಬರೆದು, ನಿಜವಾಗಿ ಬರುವ ನಿದ್ರೆ ಸರಾಸರಿ ಎಷ್ಟೆಂದು ಕಂಡುಕೊಂಡು, ಹೆಚ್ಚುಕಡಿಮೆ ಅಷ್ಟು ಹೊತ್ತು ಮಾತ್ರ ಹಾಸಿಗೆಯಲ್ಲಿರಬೇಕು. ಐದು ಗಂಟೆಗಿಂತ ಕಡಿಮೆ ಮಾಡುವುದನ್ನು ಇಂದು ಯಾರೂ ಒಪ್ಪುವುದಿಲ್ಲ. ಮಲಗಿದ ಹೊತ್ತಿನ ನೂರರಲ್ಲಿ ೮೫ರಿಂದ ೯೦ ಭಾಗ ನಿದ್ರೆಯೇ ಆಗತೊಡಗಿದ ಮೇಲೆ ವಾರಕ್ಕೆ ೧೫ ನಿಮಿಷದಂತೆ ಹೆಚ್ಚಿಸುತ್ತ ಹೋಗಬೇಕು. ತೆಳುವಾಗಿ ಹರಡಿಹೋದ ನೀರನ್ನು ಬದು ಕಟ್ಟಿ ಒಂದೆಡೆ ನಿಲ್ಲಿಸಿದಂತೆ ಇದು.

ಮೇಷ್ಟ್ರ ದಿನಚರಿಯಲ್ಲಿ ನಿದ್ರೆ ಐದು ಗಂಟೆ ನಲವತ್ತು ನಿಮಿಷ ಬಂದಿತು. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಎಂದು ನಿಗದಿಪಡಿಸಿದೆ. ಐದಕ್ಕೆ ಏಳುವುದು ಅವರಿಗೆ ಭಾರವಾಗಲಿಲ್ಲ. ಸ್ನಾನ, ಲಿಂಗಪೂಜೆಗಳಿಗೆ ಅದು ಅವರ ಹಳೆಯ ಹೊತ್ತು, ನಡುವೆ ತಪ್ಪಿಹೋಗಿತ್ತು. ಬೆಳಗಿನ ಹೊತ್ತು ಸ್ಥಿರವಾಗಿರುವುದರಿಂದ ಒಳಗಡಿಯಾರಕ್ಕೆ ಆಗುವ ಉಪಕಾರ ಬಹಳ ದೊಡ್ಡದು. ಈ ರೂಢಿಯುಳ್ಳವರು ಅದನ್ನು ಬಿಡಬಾರದು. ಮೇಷ್ಟ್ರಿಗೆ ಕಷ್ಟವಾದದ್ದು ಒಂಬತ್ತರಿಂದ ಹನ್ನೊಂದರವರೆಗಿನ ಆ ಖಾಲಿ ಹೊತ್ತು. ನೆರೆಮನೆಯ ಹುಡುಗಿ ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿದ್ದಳು. ರಾತ್ರಿ ಊಟವಾದ ಮೇಲೆ ಅವಳು ಗಣಿತದ ಪುಸ್ತಕ ಹಿಡಿದು ಬರತೊಡಗಿದಳು. ಅವಳು ಹೋದ ಬಳಿಕ ಇವರು ಮರುದಿನದ ಲೆಕ್ಕಗಳನ್ನು ಬರೆದಿಡುತ್ತಿದ್ದರು. ಮೊದಲ ಎರಡು ವಾರ ಬಹಳ ಆಯಾಸಪಟ್ಟರು, ಒಮ್ಮೆ ನನ್ನ ಮೇಲೆ ಸಿಟ್ಟನ್ನೂ ಮಾಡಿಕೊಂಡರು. ಮೂರನೆಯ ವಾರದಿಂದ ಮಲಗಿದ ಸ್ವಲ್ಪ ಹೊತ್ತಿಗೇ ನಿದ್ರೆ ಹತ್ತತೊಡಗಿತು.

ಈಗಲೂ ವಾರಕ್ಕೊಂದೆರಡು ರಾತ್ರಿ ಎರಡು ಗಂಟೆಗೆ ಅವರಿಗೆ ಎಚ್ಚರವಾಗುತ್ತದೆ. ಅದನ್ನು ಅವರು ದೊಡ್ಡದು ಮಾಡುವುದಿಲ್ಲ. ಹೀಗೆ ದೊಡ್ಡದು ಮಾಡದಿರುವುದಕ್ಕೂ ಸಂಶೋಧನೆಯ ಬೆಂಬಲವಿದೆ. ಆಲಿಸನ್ ಹಾರ್ವೆ ಮತ್ತು ಸಹೋದ್ಯೋಗಿಯೊಬ್ಬರು ೨೦೦೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಿದ್ರಾಹೀನತೆಯುಳ್ಳವರ ಮಣಿಕಟ್ಟಿಗೆ ನಿದ್ರೆ ಅಳೆಯುವ ಉಪಕರಣ ಕಟ್ಟಿ, ಬೆಳಿಗ್ಗೆ ಎದ್ದೊಡನೆ ನಿಮ್ಮ ನಿದ್ರೆ ಚೆನ್ನಾಗಿತ್ತೆಂದೋ ಕೆಟ್ಟಿತ್ತೆಂದೋ ತಿಳಿಸುತ್ತಿದ್ದರು. ಆ ಮಾತಿಗೂ ನಿಜವಾದ ಅಳತೆಗೂ ಸಂಬಂಧವಿರಲಿಲ್ಲ. ಕೆಟ್ಟಿತ್ತೆಂದು ಕೇಳಿದ ದಿನಗಳಲ್ಲಿ ಅವರು ಹೆಚ್ಚು ತೂಕಡಿಕೆ, ಹೆಚ್ಚು ಕೆಟ್ಟ ಯೋಚನೆಗಳನ್ನು ಅನುಭವಿಸಿದರು. ಕೈಗಡಿಯಾರದಲ್ಲಿ ನಿದ್ರೆಯ ಅಂಕ ನೋಡಿ ಬೆಳಗಾಗುವ ಇಂದಿನ ಯುವಕರು ಇದನ್ನು ಗಮನಿಸಬೇಕು.

ಎಷ್ಟು ಫಲ, ಯಾರಿಗೆ ಸಲ್ಲದು

ಮೇಲೆ ಹೇಳಿದ ಕ್ರಮಗಳೂ, ನಿದ್ರೆಯ ಬಗೆಗಿನ ಅತಿಯಾದ ಭಯವನ್ನು ತಿದ್ದುವ ಮಾತುಕತೆಯೂ ಸೇರಿ ಸಿಬಿಟಿ-ಐ ಎಂಬ ಚಿಕಿತ್ಸೆಯಾಗಿದೆ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ಭೇಟಿಗಳಲ್ಲಿ ಇದು ಮುಗಿಯುತ್ತದೆ. ೨೦೧೫ರಲ್ಲಿ ೨೦ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಿದ್ರೆ ಹತ್ತುವ ಕಾಲ ಸರಾಸರಿ ೧೯ ನಿಮಿಷ, ನಡುರಾತ್ರಿಯ ಎಚ್ಚರ ೨೬ ನಿಮಿಷ ಕಡಿಮೆಯಾಗಿತ್ತು. ಒಟ್ಟು ನಿದ್ರೆ ಮಾತ್ರ ಹೆಚ್ಚಿದ್ದು ಏಳೆಂಟು ನಿಮಿಷ. ಇದನ್ನು ಮುಚ್ಚಿಡದೆ ಹೇಳಬೇಕು. ಈ ಚಿಕಿತ್ಸೆ ನಿದ್ರೆಯ ಗಂಟೆಗಳನ್ನು ರಾಶಿ ಹಾಕಿಕೊಡುವುದಿಲ್ಲ, ಚದುರಿದ ನಿದ್ರೆಯನ್ನು ಒಟ್ಟುಗೂಡಿಸುತ್ತದೆ.

ಮಾತ್ರೆಯೊಡನೆ ಹೋಲಿಸಿದರೆ ಹೇಗೆ? ಕ್ಯಾನಡಾದ ಚಾರ್ಲ್ಸ್ ಮೊರಿನ್ ಮತ್ತು ಸಂಗಡಿಗರು ೧೯೯೯ರಲ್ಲಿ ಸರಾಸರಿ ೬೫ ವಯಸ್ಸಿನ ೭೮ ಮಂದಿಯಲ್ಲಿ ಇದನ್ನು ಪರೀಕ್ಷಿಸಿದರು. ಆರಂಭದಲ್ಲಿ ಎರಡರಿಂದಲೂ ಗುಣ ಕಂಡಿತು. ಎರಡು ವರ್ಷಗಳವರೆಗೆ ಗಮನಿಸಿದಾಗ ಗುಣ ಉಳಿದದ್ದು ಕ್ರಮ ಕಲಿತವರಲ್ಲಿ, ಬರಿಯ ಮಾತ್ರೆ ನುಂಗಿದವರಲ್ಲಿ ಅಲ್ಲ. ಅಮೆರಿಕೆಯ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ೨೦೧೬ರಲ್ಲಿ, ದೀರ್ಘಕಾಲಿಕ ನಿದ್ರಾಹೀನತೆಯ ಎಲ್ಲ ವಯಸ್ಕರಿಗೂ ಮೊದಲ ಚಿಕಿತ್ಸೆ ಇದೇ ಆಗಿರಬೇಕೆಂದು ಸೂಚಿಸಿತು. ನಮ್ಮಲ್ಲಿ ಇನ್ನೂ ಮೊದಲು ಕೈಗೆ ಬರುವುದು ಮಾತ್ರೆಯ ಚೀಟಿ. ವೈದ್ಯನಾಗಿ ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಆಲ್ಪ್ರಜೋಲಾಮ್, ಜೊಲ್ಪಿಡೆಮ್ ಮೊದಲಾದವು ಎಚ್-೧ ಪಟ್ಟಿಯ ಔಷಧಗಳು. ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ. ವೃದ್ಧರಲ್ಲಿ ಇವು ಬೀಳುವಿಕೆಗೂ, ಸೊಂಟದ ಮೂಳೆ ಮುರಿತಕ್ಕೂ, ಮರೆವಿಗೂ ಎಡೆಮಾಡಿಕೊಡುತ್ತವೆ.

ಯೋಗದ ಬಗ್ಗೆ ಕೇಳುವವರಿಗಾಗಿ ನಮ್ಮ ಬೆಂಗಳೂರಿನದೇ ಒಂದು ಅಧ್ಯಯನವನ್ನು ಹೇಳಬಹುದು. ಎನ್. ಕೆ. ಮಂಜುನಾಥ ಮತ್ತು ಶರ್ಲಿ ಟೆಲ್ಲೆಸ್ ಅವರು ವೃದ್ಧಾಶ್ರಮವೊಂದರ ೬೯ ನಿವಾಸಿಗಳನ್ನು ಮೂರು ಗುಂಪು ಮಾಡಿ ಆರು ತಿಂಗಳು ಗಮನಿಸಿ, ೨೦೦೫ರಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಗಾಭ್ಯಾಸ ಮಾಡಿದ ಗುಂಪಿನವರಿಗೆ ನಿದ್ರೆ ಸುಮಾರು ಹತ್ತು ನಿಮಿಷ ಬೇಗ ಬಂದಿತು, ಒಟ್ಟು ನಿದ್ರೆ ಸುಮಾರು ಒಂದು ಗಂಟೆ ಹೆಚ್ಚಿತು. ಇವು ಉಪಕರಣದಿಂದ ಅಳೆದವಲ್ಲ, ಅವರೇ ಹೇಳಿದ ಲೆಕ್ಕ. ಗುಂಪೂ ಚಿಕ್ಕದು. ಆದರೂ ಆಸನ, ಪ್ರಾಣಾಯಾಮಗಳನ್ನು ನಾನು ಹಿರಿಯರಿಗೆ ಸಂತೋಷದಿಂದ ಸೂಚಿಸುತ್ತೇನೆ.

ಕೊನೆಯದಾಗಿ ಎಚ್ಚರಿಕೆಯ ಮಾತುಗಳು. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟುವವರು, ಮಲಗಿದೊಡನೆ ಕಾಲುಗಳಲ್ಲಿ ತಡೆಯಲಾರದ ತುಡಿತವಾಗುವವರು ಮೊದಲು ಅದಕ್ಕೆ ತಪಾಸಣೆ ಮಾಡಿಸಿಕೊಳ್ಳಬೇಕು. ಅದು ಬೇರೆ ಕಾಯಿಲೆ, ಅದರ ಚಿಕಿತ್ಸೆಯೂ ಬೇರೆ. ಮೂರ್ಛೆರೋಗ ಅಥವಾ ಬೈಪೋಲಾರ್ ಎಂಬ ಮನೋರೋಗವಿರುವವರು, ರಾತ್ರಿ ಲಾರಿ, ಬಸ್ಸು ಓಡಿಸುವವರು, ಯಂತ್ರಗಳ ಬಳಿ ದುಡಿಯುವವರು ಹಾಸಿಗೆಯ ಹೊತ್ತನ್ನು ತಾವಾಗಿಯೇ ಕಡಿತಗೊಳಿಸಕೂಡದು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಬದುಕೇ ಬೇಡವೆನಿಸುತ್ತಿದ್ದರೆ ಅದನ್ನು ಬರಿಯ ನಿದ್ರೆಯ ತೊಂದರೆಯೆಂದು ಭಾವಿಸದೆ ಕೂಡಲೇ ಮನೋವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರ ಸೇವೆ ದೊರೆಯುತ್ತದೆ. ಸರ್ಕಾರದ ಟೆಲಿ-ಮಾನಸ್ ದೂರವಾಣಿ ೧೪೪೧೬ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಈಗಾಗಲೇ ನಿದ್ರೆಯ ಮಾತ್ರೆಯ ರೂಢಿಯಿರುವವರು ಈ ಲೇಖನ ಓದಿ ಇಂದು ರಾತ್ರಿಯೇ ಅದನ್ನು ನಿಲ್ಲಿಸಬಾರದು. ಒಮ್ಮೆಲೇ ನಿಲ್ಲಿಸಿದರೆ ತಳಮಳ, ನಡುಕ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು. ವೈದ್ಯರ ಸಲಹೆಯಂತೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಮೇಷ್ಟ್ರ ಒಂದೂವರೆ ಮಾತ್ರೆ ಪೂರ್ತಿ ಬಿಡಲು ನಾಲ್ಕು ತಿಂಗಳು ಹಿಡಿಯಿತು.